ಬ್ಯಾಡಗಿ ಮೆಣಸಿನಕಾಯಿ ವೆಬ್‌ಸೈಟಿನ ತೂಕ ಇಳಿಸಿದ್ದು

ಕೈಗೆ ಬಂದಾಗ ಈ ವೆಬ್‌ಸೈಟಿನ ಮುಖಪುಟ 11 ಎಂಬಿ ತೂಗುತ್ತಿತ್ತು. ಮೆಣಸಿನಕಾಯಿ ಮಾರುವ ಒಂದು ಪುಟ, ಅಷ್ಟೇ. ಡಬ್ಬಿ, ಕಡ್ಡಿ ಅನ್ನುವ ಎರಡು ಬಗೆ ಕಾಯಿ, ಪುಡಿ, ಇವತ್ತಿನ ರೇಟು, ಫೋನ್ ನಂಬರ್. ಇಷ್ಟು ಹೇಳಲು 11 ಎಂಬಿ ಯಾಕೆ ಬೇಕು ಅಂತ ಹುಡುಕುವುದರಲ್ಲೇ ಅರ್ಧ ಕೆಲಸ ಮುಗಿಯಿತು.

ಸೈಟು ಬ್ಯಾಡಗಿಯ ಒಂದು ದಲಾಲಿ ಅಂಗಡಿಯದು. ಮಾಲೀಕರು ನಮಗೆ ದೂರದ ಸಂಬಂಧ. ನಾನು ಕಾಕಾ ಅಂತಲೇ ಕರೆಯುತ್ತೇನೆ. ಎಪಿಎಂಸಿಯ ಸಗಟು ವ್ಯಾಪಾರ ಅವರದು. ಮನೆ ಬಳಕೆಗೆ ಕೆಜಿ ಲೆಕ್ಕದಲ್ಲಿ ಕೊರಿಯರ್ ಮಾಡುವ ವ್ಯಾಪಾರ ಮಗನದು. ಸೈಟು ಮಗನಿಗಾಗಿ ಮಾಡಿಸಿದ್ದು. ಸೈಟು ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶ, ಅದರ ಮೇಲೆ ಪುಟ ಜೋಡಿಸಿಕೊಡುವ ಒಂದು ಪೇಜ್ ಬಿಲ್ಡರ್ ಥೀಮ್, ಅದರ ಮೇಲೆ ರಾಶಿ ಪ್ಲಗಿನ್, ಅಂದರೆ ಹೆಚ್ಚುವರಿ ಸೌಲಭ್ಯದ ತುಣುಕುಗಳು. ನಾನು ಹುಬ್ಬಳ್ಳಿಯಲ್ಲಿ ಇಂಥ ರಿಪೇರಿ ಮಾಡುತ್ತೇನೆ. ಕಾಕಾ ಫೋನ್ ಮಾಡಿ ದೂರು ಹೇಳಿದ್ದು ಒಂದೇ ಮಾತಿನಲ್ಲಿ: "ತಮ್ಮಾ, ಗಿರಾಕಿಗೆ ಲಿಂಕ್ ಕಳಿಸಿದ್ರ ಬರೇ ಬಿಳಿ ಹಾಳಿ ಕಾಣಸ್ತೈತಿ ಅಂತಾರ. ಮೆಣಸಿನಕಾಯಿ ಕಾಣವಲ್ದು."

ಮೊದಲು ಅಳತೆ

ನನ್ನ ಲ್ಯಾಪ್‌ಟಾಪಿನಲ್ಲಿ, ಹುಬ್ಬಳ್ಳಿಯ ಫೈಬರ್ ಕನೆಕ್ಷನ್ ಮೇಲೆ, ಸೈಟು ಮೂರು ಸೆಕೆಂಡಿಗೆ ತೆರೆಯಿತು. ಮಾಡಿಕೊಟ್ಟವರೂ ಹೀಗೇ ನೋಡಿ ಒಪ್ಪಿಸಿರಬೇಕು. ಆದರೆ ಗಿರಾಕಿಗಳು ಬರುವುದು ವಾಟ್ಸಾಪ್ ಲಿಂಕ್ ಒತ್ತಿ, ಫೋನಿನಲ್ಲಿ, ಮೊಬೈಲ್ ಡೇಟಾ ಮೇಲೆ. ಅಲ್ಲಿ ಅಳೆಯದೆ ಬೇರೆಲ್ಲಿ ಅಳೆದರೂ ಪ್ರಯೋಜನವಿಲ್ಲ.

ಸೈಟಿನ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ಗೆ ವಿಳಾಸ ಕೊಟ್ಟೆ. ಅದರ ವರದಿಯಲ್ಲಿ ಎರಡು ಭಾಗ ಇರುತ್ತದೆ. ಮೇಲಿನದು ನಿಜವಾದ ಕ್ರೋಮ್ ಬಳಕೆದಾರರಿಂದ ಬಂದ, ಹಿಂದಿನ 28 ದಿನಗಳ ಅಂಕಿ. ಕೆಳಗಿನದು ಲೈಟ್‌ಹೌಸ್ ಅನ್ನುವ ಉಪಕರಣ ಅಲ್ಲೇ ನಡೆಸಿದ ಪರೀಕ್ಷೆ. ಸಣ್ಣ ಸೈಟುಗಳಿಗೆ ಮೇಲಿನ ಭಾಗ ಖಾಲಿಯೇ ಇರುತ್ತದೆ, ಅಷ್ಟು ಜನ ಬಂದಿರುವುದಿಲ್ಲ. ಇಲ್ಲೂ ಖಾಲಿ. ಉಳಿದದ್ದು ಲೈಟ್‌ಹೌಸ್. ಅದರ ಮೊಬೈಲ್ ಪರೀಕ್ಷೆಯಲ್ಲಿ ವೇಗ ಸೆಕೆಂಡಿಗೆ 1.6 ಮೆಗಾಬಿಟ್, ಹೋಗಿ ಬರುವ ವಿಳಂಬ 150 ಮಿಲಿಸೆಕೆಂಡ್, ಪ್ರೊಸೆಸರ್ ನಾಲ್ಕು ಪಟ್ಟು ನಿಧಾನ ಅಂತ ಹಿಡಿದು ಲೆಕ್ಕ ಹಾಕುತ್ತಾರೆ. ಈ ಕಾಲದಲ್ಲಿ ಇಷ್ಟು ನಿಧಾನ ಯಾರಿಗಿದೆ ಅಂತ ಕೆಲವರು ನಗುತ್ತಾರೆ. ಅವರು ಸೀಸನ್‌ನಲ್ಲಿ ಮಾರುಕಟ್ಟೆ ದಿನ, ಸೋಮವಾರವೋ ಗುರುವಾರವೋ, ಬ್ಯಾಡಗಿಯ ಎಪಿಎಂಸಿ ಯಾರ್ಡಿಗೆ ಬಂದು ಫೋನ್ ತೆಗೆಯಲಿ. ಸಾವಿರಾರು ಜನ ಒಂದೇ ಕಡೆ ಸೇರಿ ಅದೇ ಟವರಿಗೆ ಜೋತು ಬಿದ್ದಾಗ 1.6 ಮೆಗಾಬಿಟ್ ಸಿಕ್ಕರೆ ಪುಣ್ಯ.

ಲೆಕ್ಕ ಸುಲಭ. 11 ಎಂಬಿ ಅಂದರೆ 88 ಮೆಗಾಬಿಟ್. 1.6ರಿಂದ ಭಾಗಿಸಿದರೆ 55 ಸೆಕೆಂಡ್. ಪುಟ ಪೂರ್ತಿ ಇಳಿಯಲು ಒಂದು ನಿಮಿಷಕ್ಕೆ ಸ್ವಲ್ಪ ಕಡಿಮೆ.

ಗೂಗಲ್ ಮೂರು ಅಳತೆಗೋಲು ಇಟ್ಟುಕೊಂಡಿದೆ. ತೆರೆಯಲ್ಲಿ ಕಾಣುವ ಅತಿ ದೊಡ್ಡ ಚಿತ್ರವೋ ಬರಹವೋ ಎಷ್ಟು ಹೊತ್ತಿಗೆ ಮೂಡುತ್ತದೆ ಅನ್ನುವುದು ಎಲ್‌ಸಿಪಿ, 2.5 ಸೆಕೆಂಡಿನ ಒಳಗಿದ್ದರೆ ಒಳ್ಳೆಯದು. ಓದುತ್ತಿರುವಾಗ ಪುಟ ಎಷ್ಟು ಜಿಗಿಯುತ್ತದೆ ಅನ್ನುವುದು ಸಿಎಲ್‌ಎಸ್, 0.1 ದಾಟಬಾರದು. ಬೆರಳು ಒತ್ತಿದ ಮೇಲೆ ಪುಟ ಎಷ್ಟು ಬೇಗ ಓಗೊಡುತ್ತದೆ ಅನ್ನುವುದು ಐಎನ್‌ಪಿ, 200 ಮಿಲಿಸೆಕೆಂಡಿನ ಒಳಗಿರಬೇಕು. ಈ ಕೊನೆಯದು ಬಂದದ್ದು ಮಾರ್ಚ್ 2024ರಲ್ಲಿ, ಎಫ್‌ಐಡಿ ಅನ್ನುವ ಹಳೆಯ ಅಳತೆಯ ಜಾಗಕ್ಕೆ. ನಾಲ್ಕು ಭೇಟಿಯಲ್ಲಿ ಮೂರಾದರೂ ಈ ಮಿತಿಯೊಳಗೆ ಇದ್ದರೆ ಪಾಸು.

ನಮ್ಮ ಸೈಟಿನ ಎಲ್‌ಸಿಪಿ 14 ಸೆಕೆಂಡ್. ಸಿಎಲ್‌ಎಸ್ 0.38. ಲೈಟ್‌ಹೌಸ್ ಒಂದೊಂದು ಸಲ ಒಂದೊಂದು ಅಂಕಿ ಕೊಡುತ್ತದೆ. ಹಾಗಾಗಿ ಕೆಲವು ಸಲ ಓಡಿಸಿ ನಡುವಿನದನ್ನು ಬರೆದುಕೊಳ್ಳುವುದು ನನ್ನ ರೂಢಿ.

ಆಮೇಲೆ ಮನೆಯಲ್ಲಿದ್ದ ಹಳೆಯ ಆಂಡ್ರಾಯ್ಡ್ ಫೋನನ್ನು ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿದೆ. ಫೋನಿನ ಕ್ರೋಮ್‌ನಲ್ಲಿ ನಡೆಯುವುದನ್ನೆಲ್ಲ ಲ್ಯಾಪ್‌ಟಾಪಿನ ಡೆವಲಪರ್ ಟೂಲ್ಸ್‌ನಲ್ಲಿ ನೋಡಬಹುದು. ನೆಟ್‌ವರ್ಕ್ ಟ್ಯಾಬ್ ತೆಗೆದು, ಕ್ಯಾಶ್ (ಹಿಂದೆ ಇಳಿದದ್ದನ್ನು ಕೂಡಿಟ್ಟ ನಕಲು) ಆಫ್ ಮಾಡಿ, ಪುಟ ಲೋಡ್ ಮಾಡಿದೆ. ಯಾವ ಫೈಲು ಯಾವಾಗ ಹೊರಟಿತು, ಯಾವಾಗ ಬಂತು ಅನ್ನುವ ಉದ್ದುದ್ದ ಪಟ್ಟಿಗಳು ಮೂಡಿದವು. ಲೈಟ್‌ಹೌಸ್ ನೂರಕ್ಕೆ ಇಷ್ಟು ಅಂತ ಕೊಡುವ ಸ್ಕೋರಿಗಿಂತ ಈ ಪಟ್ಟಿ ನೂರು ಪಾಲು ಮೇಲು. ಸ್ಕೋರು ಜ್ವರ ಇದೆ ಅಂತ ಮಾತ್ರ ಹೇಳುತ್ತದೆ.

ಪಟ್ಟಿಯಲ್ಲಿ ಕಂಡದ್ದು ಇದು. ಮೆಣಸಿನಕಾಯಿಯ ಮೊದಲ ಫೋಟೋ ಬೇಕು ಅಂತ ಬ್ರೌಸರ್ ಕೇಳಿದ್ದೇ ಆರು ಸೆಕೆಂಡ್ ಕಳೆದ ಮೇಲೆ. ಅದಕ್ಕೂ ಮುಂಚೆ ಪುಟದ ಅಂದ ಹೇಳುವ ಇಪ್ಪತ್ತಕ್ಕೂ ಹೆಚ್ಚು ಸಿಎಸ್‌ಎಸ್ ಫೈಲು, ಜೆಕ್ವೆರಿ ಅನ್ನುವ ಸ್ಕ್ರಿಪ್ಟು, ಸ್ಲೈಡರಿನ ಸ್ಕ್ರಿಪ್ಟು, ಚಾಟ್ ಗುಂಡಿಯ ಸ್ಕ್ರಿಪ್ಟು, ಫಾಂಟುಗಳು, ಪೇಮೆಂಟಿನ ಸ್ಕ್ರಿಪ್ಟು ಎಲ್ಲ ಪಾಳಿ ಹಚ್ಚಿ ನಿಂತಿದ್ದವು. ಹಳೆಯ ಸರ್ವರ್ ಫೈಲು ಕಳಿಸುವ ಹಳೆಯ ಪದ್ಧತಿಯಾದ ಎಚ್‌ಟಿಟಿಪಿ 1.1ರಲ್ಲೇ ಇತ್ತು. ಅದರಲ್ಲಿ ಬ್ರೌಸರ್ ಒಂದು ಸರ್ವರಿಗೆ ಒಮ್ಮೆಗೆ ಆರೇ ಕನೆಕ್ಷನ್ ತೆಗೆಯುತ್ತದೆ. ಉಳಿದವು ಕಾಯಬೇಕು. ಗಿರಾಕಿ ನೋಡಲು ಬಂದದ್ದು ಮೆಣಸಿನಕಾಯಿ. ಅದು ಪಾಳಿಯ ಕೊನೆಯಲ್ಲಿ. ತೂಕ ಇಳಿಸುವುದಕ್ಕಿಂತ ಈ ಪಾಳಿ ಸರಿಮಾಡುವುದೇ ದೊಡ್ಡ ಕೆಲಸ ಅಂತ ಆಗಲೇ ಗೊತ್ತಾಯಿತು.

ಅಮೆರಿಕದಲ್ಲಿದ್ದ ಸರ್ವರ್

ಮೊದಲ ಬೈಟ್ ಬರಲಿಕ್ಕೇ 1.9 ಸೆಕೆಂಡ್ ಹಿಡಿಯುತ್ತಿತ್ತು. ಕರ್ಲ್ ಅನ್ನುವ ಕಮ್ಯಾಂಡ್ ಕೊಟ್ಟು ಬಿಡಿಸಿ ನೋಡಿದೆ. ಸೈಟಿನ ಹೆಸರಿನಿಂದ ಸರ್ವರ್ ಹುಡುಕುವ ಡಿಎನ್‌ಎಸ್‌ಗೆ ಎಷ್ಟು, ಕನೆಕ್ಷನ್‌ಗೆ ಎಷ್ಟು, ಕನೆಕ್ಷನ್ನಿಗೆ ಬೀಗ ಹಾಕುವ ಟಿಎಲ್‌ಎಸ್‌ಗೆ ಎಷ್ಟು, ಸರ್ವರ್ ಯೋಚಿಸಿದ್ದಕ್ಕೆ ಎಷ್ಟು ಅಂತ ಅದು ಬೇರೆ ಬೇರೆ ಹೇಳುತ್ತದೆ.

ಸರ್ವರ್ ಅಮೆರಿಕದಲ್ಲಿತ್ತು. ಅಗ್ಗದ ಹೋಸ್ಟಿಂಗ್ ತಗೊಂಡಾಗ ಎಲ್ಲಿ ಇಡುತ್ತಾರೆ ಅಂತ ಯಾರೂ ಕೇಳಿರಲಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಮೀ ಓಡುತ್ತದೆ. ಅಮೆರಿಕಕ್ಕೆ ಹೋಗಿ ಬರುವಷ್ಟರಲ್ಲಿ 200ರಿಂದ 250 ಮಿಲಿಸೆಕೆಂಡ್ ಖರ್ಚು, ಎಷ್ಟೇ ದುಡ್ಡು ಸುರಿದರೂ ಅದು ಹೆಚ್ಚು ಇಳಿಯುವುದಿಲ್ಲ. ಮತ್ತೆ ಒಂದು ಸಲ ಹೋಗಿ ಬಂದರೆ ಮುಗಿಯುವುದೂ ಇಲ್ಲ. ಕನೆಕ್ಷನ್ ತೆರೆಯಲು ಒಂದು ಸಲ. ಟಿಎಲ್‌ಎಸ್ ಬೀಗದ ಮಾತುಕತೆಗೆ ಹೊಸ 1.3 ಆವೃತ್ತಿಯಲ್ಲಿ ಒಂದು ಸಲ, 1.2ರಲ್ಲಿ ಎರಡು ಸಲ. ಪುಟ ಕೊಡು ಅಂತ ಕೇಳಲು ಇನ್ನೊಂದು ಸಲ. ಸರ್ವರ್ ಏನೂ ಕೆಲಸ ಮಾಡದಿದ್ದರೂ ಮುಕ್ಕಾಲು ಸೆಕೆಂಡ್ ದಾರಿಯಲ್ಲೇ ಹೋಗುತ್ತದೆ. ಉಳಿದ ಸೆಕೆಂಡ್ ವರ್ಡ್‌ಪ್ರೆಸ್‌ನದು. ಪ್ರತಿ ಸಲವೂ ಡೇಟಾಬೇಸ್ ತಡಕಾಡಿ ಅದೇ ಪುಟವನ್ನು ಹೊಸದಾಗಿ ಕಟ್ಟುತ್ತಿತ್ತು.

ಮುಂಬೈನಲ್ಲಿರುವ ಸರ್ವರಿಗೆ ಎತ್ತಿ ಹಾಕಿದೆ. ಗಿರಾಕಿಗಳು ಹೆಚ್ಚಾಗಿ ಕರ್ನಾಟಕ, ಮುಂಬೈ, ಪುಣೆಯವರು. ಲೋಕಕ್ಕೆಲ್ಲ ನಕಲು ಹಂಚುವ ಸಿಡಿಎನ್ ಇವರಿಗೆ ಸದ್ಯ ಬೇಕಿಲ್ಲ ಅನಿಸಿತು. ಸ್ಥಳಾಂತರ ಮಾಡುವವರಿಗೆ ಎರಡು ಮಾತು. ಹಳೆಯ ವಿಳಾಸವನ್ನು ಎಷ್ಟು ಹೊತ್ತು ನೆನಪಿಡಬೇಕು ಅನ್ನುವ ಡಿಎನ್‌ಎಸ್‌ನ ಟಿಟಿಎಲ್ ಅನ್ನು ಒಂದು ದಿನ ಮುಂಚೆಯೇ 300 ಸೆಕೆಂಡಿಗೆ ಇಳಿಸಿಟ್ಟರೆ ಬದಲಾವಣೆ ಬೇಗ ಹಬ್ಬುತ್ತದೆ. ಮತ್ತು ಡಿಎನ್‌ಎಸ್ ಬೇರೆ ಕಡೆ ಒಯ್ಯುವುದಾದರೆ ಇಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ದಾಖಲೆಗಳನ್ನು ಮರೆಯದೆ ನಕಲು ಮಾಡಿಕೊಳ್ಳಿ, ಇಲ್ಲದಿದ್ದರೆ ಸೈಟು ಓಡುತ್ತದೆ, ಇಮೇಲ್ ನಿಲ್ಲುತ್ತದೆ.

ಹೊಸ ಸರ್ವರಿನಲ್ಲಿ ಎಚ್‌ಟಿಟಿಪಿ 2 ಇತ್ತು. ಒಂದೇ ಕನೆಕ್ಷನ್‌ನಲ್ಲಿ ಹಲವು ಫೈಲು ಒಟ್ಟಿಗೆ ಬರುತ್ತವೆ, ಆರರ ಮಿತಿ ಹೋಯಿತು. ಪೇಜ್ ಕ್ಯಾಶ್ ಹಾಕಿದೆ, ಅಂದರೆ ಒಮ್ಮೆ ಕಟ್ಟಿದ ಪುಟವನ್ನು ಹಾಗೇ ಎತ್ತಿಟ್ಟು ಕೊಡುವ ವ್ಯವಸ್ಥೆ. ಮೊದಲ ಬೈಟ್ ಈಗ 0.3 ಸೆಕೆಂಡಿನ ಒಳಗೆ.

ಆದರೆ ಕ್ಯಾಶ್ ಹಾಕುವ ಮುಂಚೆ ಒಂದು ವಿಷಯ ಬಗೆಹರಿಸಬೇಕಿತ್ತು. ಈ ಸೈಟಿನಲ್ಲಿ ರೇಟು ಬದಲಾಗುತ್ತಲೇ ಇರುತ್ತದೆ. ಮಾರುಕಟ್ಟೆ ದಿನ ಟೆಂಡರ್ ಮುಗಿದ ಮೇಲೆ ಮಗ ಒಂದು ಗೂಗಲ್ ಶೀಟಿನಲ್ಲಿ ಹೊಸ ರೇಟು ತುಂಬುತ್ತಾನೆ. ಗಿರಾಕಿಯ ಫೋನು ಪುಟ ತೆರೆದ ಮೇಲೆ ಒಂದು ಸ್ಕ್ರಿಪ್ಟ್ ಓಡಿಸಿ ಆ ಶೀಟಿನಿಂದ ರೇಟು ತರುತ್ತಿತ್ತು. ಅಷ್ಟು ಹೊತ್ತು ಆ ಜಾಗದಲ್ಲಿ ಗಿರಗಿರ ತಿರುಗುವ ಚಕ್ರ. ರೇಟು ಬಂದಾಗ ಕೆಳಗಿನದೆಲ್ಲ ದಡಕ್ಕನೆ ಕೆಳಗೆ ಜಾರುತ್ತಿತ್ತು. ಸಿಎಲ್‌ಎಸ್‌ನ 0.38ರಲ್ಲಿ ಅರ್ಧ ಇದರದ್ದೇ. ಈಗ ಸರ್ವರೇ ಐದು ನಿಮಿಷಕ್ಕೊಮ್ಮೆ ಶೀಟು ನೋಡುತ್ತದೆ. ಬದಲಾಗಿದ್ದರೆ ಮಾತ್ರ ರೇಟಿನ ಪಟ್ಟಿಯನ್ನು ಪುಟದ ಮೂಲ ಬರಹವಾದ ಎಚ್‌ಟಿಎಂಎಲ್‌ನಲ್ಲೇ ಬರೆದು, ಹಳೆಯ ಕ್ಯಾಶ್ ಅಳಿಸಿ ಹೊಸದು ಕಟ್ಟುತ್ತದೆ. ಹಳೆಯ ರೇಟು ಹೆಚ್ಚೆಂದರೆ ಐದು ನಿಮಿಷ ಕಾಣುತ್ತದೆ. ಕಾಕಾಗೆ ಕೇಳಿದೆ, ನಡೆಯುತ್ತದಾ ಅಂತ. "ಐದ ನಿಮಿಷಕ್ಕ ಏನ್ ಬಿತ್ತೋ? ಚೀಲ ತೂಗೂದ್ರಾಗ ಅರ್ಧ ತಾಸು ಹೊಕ್ಕೈತಿ" ಅಂದರು. ಫೋಟೋ, ಫಾಂಟುಗಳದ್ದು ಬೇರೆ ನಿಯಮ. ಅವುಗಳನ್ನು ಗಿರಾಕಿಯ ಫೋನಿನಲ್ಲೇ ಒಂದು ವರ್ಷ ಇಟ್ಟುಕೊಳ್ಳಲು ಹೇಳಿದ್ದೇನೆ. ಫೋಟೋ ಬದಲಾದರೆ ಫೈಲಿನ ಹೆಸರನ್ನೇ ಬದಲಿಸುತ್ತೇವೆ.

ಕೆಂಪು ಬಣ್ಣದ ಪಜೀತಿ

ಫೋಟೋದಲ್ಲೇ ಜಾಸ್ತಿ ಹೊತ್ತು ಹೋಯಿತು. ಮಜಾನೂ ಅಲ್ಲೇ ಇತ್ತು.

ಮುಖಪುಟದ ತಲೆಯಲ್ಲಿ ಐದು ಫೋಟೋ ಸರಿದಾಡುವ ಸ್ಲೈಡರ್. ಒಂದೊಂದೂ 4000 ಪಿಕ್ಸೆಲ್ ಅಗಲ, 3000 ಎತ್ತರ. ಒಂದೊಂದರ ತೂಕ ಒಂದೂವರೆ ಎಂಬಿ ಮೇಲೆ. ಸಾಧಾರಣ ಫೋನಿನ ತೆರೆ ಬ್ರೌಸರಿನ ಲೆಕ್ಕದಲ್ಲಿ 360 ಪಿಕ್ಸೆಲ್ ಅಗಲ. ಸಾಂದ್ರತೆ ಎರಡು ಪಟ್ಟೋ ಮೂರು ಪಟ್ಟೋ ಅಂತ ಹಿಡಿದರೂ 720ರಿಂದ 1080. ಅದಕ್ಕೆ 4000 ಅಗಲದ ಫೋಟೋ ಕಳಿಸುವುದು ಅಂದರೆ ಅಗಲ, ಎತ್ತರ ಎರಡನ್ನೂ ಲೆಕ್ಕ ಹಾಕಿದರೆ ಬೇಕಾದ್ದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಪಿಕ್ಸೆಲ್ ಕಳಿಸಿದ ಹಾಗೆ.

ಸ್ಲೈಡರ್ ತೆಗೆಯೋಣ ಅಂದೆ. ಮಗನಿಗೆ ಮನಸ್ಸಿರಲಿಲ್ಲ. "ಇರಲಿ ಅಣ್ಣಾ, ಇಲ್ಲಂದ್ರ ಸೈಟ್ ಖಾಲಿ ಖಾಲಿ ಅನಸ್ತೈತಿ" ಅಂದ. ಎರಡನೇ ಫೋಟೋದಿಂದ ಆಚೆ ಯಾರೂ ನೋಡುವುದಿಲ್ಲ ಅಂತ ನಾನು ವಾದ ಹೂಡುವ ಮೊದಲೇ ಕಾಕಾ ತೀರ್ಪು ಕೊಟ್ಟರು. "ಅಂಗಡಿಗೆ ಬಂದವರ ಮುಂದ ಐದೂ ಚೀಲ ಬಿಚ್ಚಿ ಇಡ್ತೀವೇನು? ಒಂದ ಬಿಚ್ಚಿ ಕೈಯಾಗ ಕೊಡ್ತೀವಿ. ಬೇಕಂದ್ರ ಮುಂದಿಂದು." ಸ್ಲೈಡರ್ ಹೋಯಿತು. ಅದರ ಜೊತೆ ಅದರ ಸ್ಕ್ರಿಪ್ಟೂ ಹೋಯಿತು. ಉಳಿದ ನಾಲ್ಕು ಫೋಟೋ ಕೆಳಗೆ ಅವುಗಳ ಸಾಮಾನಿನ ಪಕ್ಕ ಕೂತವು.

ಒಂದೇ ಫೋಟೋ, ಡಬ್ಬಿ ಮೆಣಸಿನಕಾಯಿ ರಾಶಿ. 800 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಚಿತ್ರವನ್ನು ಸಣ್ಣದಾಗಿಸುವ ವೆಬ್‌ಪಿ ರೂಪಕ್ಕೆ ತಿರುಗಿಸಿದೆ, ಗುಣಮಟ್ಟ 75. ಎಲ್ಲರೂ ಮಾಡುವುದು ಇದನ್ನೇ. 60 ಕೆಬಿ ಬಂತು. ಸಣ್ಣದಾಯಿತು ಅಂತ ಖುಷಿಯಾಗಿ ಕಾಕಾಗೆ ಕಳಿಸಿದೆ. ಉತ್ತರ ಬಂತು: "ಇದು ನಮ್ಮ ಡಬ್ಬಿ ಅಲ್ಲ. ಸುಕ್ಕ ಎಲ್ಲಿ ಅದಾವ ಇದಕ್ಕ?"

ಹಿಗ್ಗಿಸಿ ನೋಡಿದೆ. ಅವರ ಕಣ್ಣು ಸರಿ. ಡಬ್ಬಿಯ ಗುರುತೇ ಅದರ ಸುಕ್ಕು. ಕಡ್ಡಿ ಉದ್ದ, ತೆಳ್ಳಗೆ. ಡಬ್ಬಿ ಗಿಡ್ಡ, ಗುಂಡಗೆ, ಮೈತುಂಬ ಸುಕ್ಕು. ನನ್ನ ಫೋಟೋದಲ್ಲಿ ಕಾಯಿಗಳ ಮೈ ನುಣ್ಣಗಾಗಿತ್ತು. ಕಾಯಿಗೂ ಕಾಯಿಗೂ ನಡುವಿನ ಅಂಚು ಕಲಸಿಹೋಗಿತ್ತು.

ಕಾರಣ ಹೀಗಿದೆ. ಜೆಪೆಗ್ ಆಗಲಿ ವೆಬ್‌ಪಿ ಆಗಲಿ, ಚಿತ್ರವನ್ನು ಬೆಳಕು ಮತ್ತು ಬಣ್ಣ ಅಂತ ಬಿಡಿಸಿಕೊಳ್ಳುತ್ತವೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಚೆನ್ನಾಗಿ ಹಿಡಿಯುತ್ತದೆ, ಬಣ್ಣದ ಏರಿಳಿತವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಬೆಳಕನ್ನು ಪೂರ್ತಿ ಇಟ್ಟುಕೊಂಡು, ಬಣ್ಣವನ್ನು ಉದ್ದಕ್ಕೂ ಅಗಲಕ್ಕೂ ಅರ್ಧ ಮಾಡುತ್ತವೆ. ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ ಉಳಿಯುತ್ತದೆ. ಇದಕ್ಕೆ 4:2:0 ಅಂತ ಹೆಸರು. ಮನುಷ್ಯರ ಫೋಟೋ, ಗುಡಿಯ ಫೋಟೋ, ಹೊಲದ ಫೋಟೋ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಬೆಳಕಿನ ಲೆಕ್ಕದಲ್ಲಿ ಹಸಿರಿನ ಪಾಲು ಸುಮಾರು 59%, ಕೆಂಪಿನದು ಬರೀ 30%. ಕಡುಗೆಂಪು ಕಾಯಿಯ ಮೇಲೆ ಕಡುಗೆಂಪು ಕಾಯಿ ಬಿದ್ದಿರುವ ರಾಶಿಯಲ್ಲಿ ಬೆಳಕಿನ ವ್ಯತ್ಯಾಸ ಕಡಿಮೆ. ಸುಕ್ಕಿನ ವಿವರವೆಲ್ಲ ಬಣ್ಣದ ಕಡೆಗೇ ಜಾಸ್ತಿ ಇರುತ್ತದೆ. ನಾವು ಅರ್ಧ ಮಾಡಿ ಎಸೆದದ್ದು ಅದನ್ನೇ.

ಸಾದಾ ವೆಬ್‌ಪಿಯಲ್ಲಿ 4:2:0 ಬಿಟ್ಟರೆ ಬೇರೆ ದಾರಿಯಿಲ್ಲ. ಜೆಪೆಗ್‌ನಲ್ಲಿ ಮತ್ತು ಎವಿಫ್ ಅನ್ನುವ ಹೊಸ ರೂಪದಲ್ಲಿ ಬಣ್ಣವನ್ನು ಪೂರ್ತಿ ಉಳಿಸಿಕೊಳ್ಳಬಹುದು, ಅದು 4:4:4. ಸ್ಕೂಷ್ ಅನ್ನುವ ಉಚಿತ ಸಾಧನ ಬ್ರೌಸರಿನಲ್ಲೇ ಓಡುತ್ತದೆ. ಎಡಕ್ಕೆ ಮೂಲ, ಬಲಕ್ಕೆ ಸಣ್ಣದಾದದ್ದು, ನಡುವಿನ ಗೆರೆ ಎಳೆದಾಡಿ ಹೋಲಿಸಬಹುದು. ಅದರ ಎವಿಫ್ ಸೆಟ್ಟಿಂಗಿನಲ್ಲಿ ಬಣ್ಣ ಇಳಿಸುವುದನ್ನು ನಿಲ್ಲಿಸಿ ನೋಡಿದೆ. ಸುಕ್ಕು ವಾಪಸ್ ಬಂತು. 110 ಕೆಬಿ. ವೆಬ್‌ಪಿಗಿಂತ 50 ಕೆಬಿ ಜಾಸ್ತಿ. ಇಲ್ಲಿ ನಾನು ಒಂದು ಚೂರೂ ಜಿಪುಣತನ ಮಾಡಲಿಲ್ಲ. ಮಾರುವ ಸಾಮಾನೇ ಕಾಣದಿದ್ದರೆ ಪುಟ ಬೇಗ ತೆರೆದು ಏನು ಮಾಡುವುದು? ಉಳಿತಾಯಕ್ಕೆ ಬೇರೆ ಜಾಗ ಬೇಕಾದಷ್ಟಿದೆ.

ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಫೋಟೋಗೆ ಕಾಕಾ ಅಂದರು, "ಇದರ ಬಣ್ಣ ಹ್ವಾದ ವರ್ಷದ ಮಾಲಿನಂಗ ಐತಿ." ಇಟ್ಟ ಮೆಣಸಿನಕಾಯಿ ಬಣ್ಣ ಕಳೆದುಕೊಳ್ಳುತ್ತದೆ. ಬ್ಯಾಡಗಿಯ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್ ಇರುವುದೇ ಅದಕ್ಕೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಹೆಸರು ಬಂದದ್ದು ಬಣ್ಣದಿಂದ. ಓಲಿಯೋರೆಸಿನ್, ಅಂದರೆ ಕಾಯಿಯ ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳು ಬಣ್ಣ ಅಳೆದೇ ಕೊಳ್ಳುತ್ತವೆ. 2011ರಲ್ಲಿ ಜಿಐ, ಅಂದರೆ ಇದೇ ಸೀಮೆಯ ಬೆಳೆ ಅನ್ನುವ ಗುರುತೂ ಸಿಕ್ಕಿದೆ. ಹಾಗಾಗಿ ಹೊಸ ಮಾಲು ಹಳೆಯದರಂತೆ ಕಂಡರೆ ಅದು ಸಣ್ಣ ಮಾತಲ್ಲ.

ಆ ಫೋಟೋ ಮಗನ ಐಫೋನ್‌ನಲ್ಲಿ ತೆಗೆದದ್ದು. ಐಫೋನ್ ಫೋಟೋವನ್ನು ಡಿಸ್‌ಪ್ಲೇ ಪಿ3 ಅನ್ನುವ ಅಗಲವಾದ ಬಣ್ಣದ ಲೆಕ್ಕದಲ್ಲಿ ಉಳಿಸುತ್ತದೆ. ಆ ಲೆಕ್ಕ ಯಾವುದು ಅಂತ ಹೇಳುವ ಚೀಟಿ ಫೈಲಿನೊಳಗೇ ಇರುತ್ತದೆ. ಸೈಟಿನಲ್ಲಿದ್ದ ಫೋಟೋ ಕುಗ್ಗಿಸುವ ಪ್ಲಗಿನ್ ಒಂದೆರಡು ಕೆಬಿ ಉಳಿಸಲು ಆ ಚೀಟಿಯನ್ನೂ ಕಿತ್ತುಹಾಕುತ್ತಿತ್ತು. ಚೀಟಿ ಇಲ್ಲದ ಫೋಟೋವನ್ನು ಬ್ರೌಸರ್ ಎಸ್‌ಆರ್‌ಜಿಬಿ, ಅಂದರೆ ಅಷ್ಟು ಅಗಲವಲ್ಲದ ಸಾಮಾನ್ಯ ಲೆಕ್ಕ ಅಂತ ತಿಳಿಯುತ್ತದೆ. ಅಂಕಿ ಅದೇ, ಅರ್ಥ ಬೇರೆ. ಕೆಂಪು ಸಪ್ಪೆಯಾಗುತ್ತದೆ. ಇಮೇಜ್‌ಮ್ಯಾಜಿಕ್ ಅನ್ನುವ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮೊದಲು ಎಸ್‌ಆರ್‌ಜಿಬಿಗೆ ಸರಿಯಾಗಿ ಪರಿವರ್ತಿಸಿ, ಆಮೇಲೆ ಚೀಟಿ ತೆಗೆಯುವ ಹಾಗೆ ಸ್ಕ್ರಿಪ್ಟ್ ಬರೆದೆ. ಬಣ್ಣ ಸರಿಹೋಯಿತು. ಆ ಪ್ಲಗಿನ್ ತೆಗೆದು ಹಾಕಿದೆ.

ಪ್ರತಿ ಫೋಟೋಗೂ 480, 800, 1200 ಅಗಲದ ನಕಲು ಮಾಡಿದೆ. ಯಾವುದು ಬೇಕೋ ಅದನ್ನು ಬ್ರೌಸರೇ ಆರಿಸಿಕೊಳ್ಳುತ್ತದೆ. ಎವಿಫ್ ಗೊತ್ತಿಲ್ಲದ ಹಳೆಯ ಬ್ರೌಸರಿಗೆ 4:4:4 ಜೆಪೆಗ್. ವಾಟ್ಸಾಪ್‌ನಲ್ಲಿ ಲಿಂಕಿನ ಜೊತೆ ಕಾಣುವ ಚಿತ್ರಕ್ಕೂ ಜೆಪೆಗ್ಗೇ ಇಟ್ಟೆ.

ಇನ್ನು ಪಾಳಿ. ಹಳೆಯ ಸೈಟಿನಲ್ಲಿ ಮೊದಲ ಫೋಟೋಗೂ ಲೇಜಿ ಲೋಡಿಂಗ್ (ತೆರೆಯ ಹತ್ತಿರ ಬಂದಾಗಲೇ ಚಿತ್ರ ಇಳಿಸುವ ಏರ್ಪಾಡು) ಹಚ್ಚಿದ್ದರು, ಅದೂ ಜಾವಾಸ್ಕ್ರಿಪ್ಟ್ ಮೂಲಕ. ಬ್ರೌಸರ್ ಎಚ್‌ಟಿಎಂಎಲ್ ಬರುತ್ತಿದ್ದ ಹಾಗೇ ಮುಂದೆ ಓಡಿ, ಯಾವ ಚಿತ್ರ ಬೇಕು ಅಂತ ಹುಡುಕಿ ಮೊದಲೇ ಕೇಳಿಡುತ್ತದೆ. ಚಿತ್ರದ ವಿಳಾಸವನ್ನು ಸ್ಕ್ರಿಪ್ಟಿನಲ್ಲೋ ಸಿಎಸ್‌ಎಸ್‌ನಲ್ಲೋ ಅಡಗಿಸಿಟ್ಟರೆ ಅದಕ್ಕೆ ಕಾಣುವುದಿಲ್ಲ. ಕೆಳಗಿನ ಫೋಟೋಗೆ ಲೇಜಿ ಸರಿ. ತಲೆಯ ಫೋಟೋಗೆ ತಪ್ಪು. ಅದನ್ನು ಸಾದಾ ಇಮೇಜ್ ಟ್ಯಾಗ್ ಮಾಡಿ, ಫೆಚ್ ಪ್ರಯಾರಿಟಿ ಹೈ, ಅಂದರೆ ಇದನ್ನು ಮೊದಲು ತಾ ಅಂತ ಗುರುತು ಹಾಕಿದೆ. ಎಲ್ಲ ಚಿತ್ರಗಳಿಗೂ ಅಗಲ, ಎತ್ತರ ಬರೆದೆ. ಚಿತ್ರ ಬರುವ ಮುಂಚೆಯೇ ಅದರ ಜಾಗ ಕಾದಿರುತ್ತದೆ, ಪುಟ ಜಿಗಿಯುವುದಿಲ್ಲ.

ಫಾಂಟಿನಲ್ಲಿ ಅಡಗಿದ್ದ ಭಾರ

ಕಾಕಾ ಹೇಳಿದ "ಬಿಳಿ ಹಾಳಿ"ಯ ಗುಟ್ಟು ಇಲ್ಲಿತ್ತು. ಫೋಟೋ ಬರದಿದ್ದರೆ ಅಕ್ಷರವಾದರೂ ಕಾಣಬೇಕಲ್ವಾ? ವೆಬ್ ಫಾಂಟ್ ಇಳಿಯುವವರೆಗೆ ಕ್ರೋಮ್ ಮೂರು ಸೆಕೆಂಡಿನವರೆಗೆ ಬರಹವನ್ನು ಬಚ್ಚಿಡುತ್ತದೆ, ನಾವು ಬೇರೆ ಹೇಳದಿದ್ದರೆ. ಇಲ್ಲಿ ಯಾರೂ ಬೇರೆ ಹೇಳಿರಲಿಲ್ಲ.

ಕನ್ನಡ ಫಾಂಟು ಇಂಗ್ಲಿಷ್ ಫಾಂಟಿಗಿಂತ ಭಾರ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಸ್ಥಾನ 128 ಮಾತ್ರ. ಆದರೆ ಗುಣಿತ, ಒತ್ತು, ಅರ್ಕಾವತ್ತು ಎಲ್ಲ ಸೇರಿದರೆ ಫಾಂಟಿನೊಳಗೆ ನೂರಾರು ಆಕಾರಗಳು ಬೇಕು. ಯಾವ ಅಕ್ಷರದ ಪಕ್ಕ ಯಾವುದು ಬಂದರೆ ಯಾವ ಆಕಾರ ಹಾಕಬೇಕು ಅನ್ನುವ ನಿಯಮಗಳ ಕೋಷ್ಟಕವೂ ಬೇಕು. ಈ ಸೈಟಿನಲ್ಲಿ ತಲೆಬರಹಕ್ಕೊಂದು ಅಲಂಕಾರದ ಫಾಂಟು, ಬರಹಕ್ಕೆ ಇನ್ನೊಂದು ನಾಲ್ಕು ದಪ್ಪದಲ್ಲಿ, ಇಂಗ್ಲಿಷಿಗೆ ಮತ್ತೊಂದು. ಅಲಂಕಾರದ್ದನ್ನು ಹಾಗೇ, ಹಿಂಡದ ಟಿಟಿಎಫ್ ರೂಪದಲ್ಲೇ ಏರಿಸಿದ್ದರು.

ಬರಹದ ಫಾಂಟನ್ನು ಪೂರ್ತಿ ಕಿತ್ತೆ. ಆಂಡ್ರಾಯ್ಡ್ ಫೋನಿನಲ್ಲಿ ಸಾಮಾನ್ಯವಾಗಿ ನೋಟೋ ಸಾನ್ಸ್ ಕನ್ನಡ ಫಾಂಟು ಇರುತ್ತದೆ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಇದೆ. ಅದಕ್ಕೂ ಹಳೆಯದರಲ್ಲಿ ತುಂಗಾ. ಐಫೋನಿನಲ್ಲೂ ಕನ್ನಡ ಇದೆ. ಗಿರಾಕಿಯ ಫೋನಿನಲ್ಲಿ ಇರುವುದನ್ನೇ ಬಳಸಿದರೆ ಖರ್ಚು ಸೊನ್ನೆ. ಗೂಗಲ್ ಫಾಂಟ್ಸ್‌ನಿಂದ ತಂದರೆ ಬೇರೆ ಸೈಟಿಗೆ ಹೋದಾಗ ಇಳಿದದ್ದೇ ಕ್ಯಾಶ್‌ನಿಂದ ಸಿಗುತ್ತದೆ ಅಂತ ಇನ್ನೂ ಕೆಲವರು ಹೇಳುತ್ತಾರೆ. 2020ರ ಕ್ರೋಮ್ 86ರಿಂದ ಹಾಗಿಲ್ಲ. ಪ್ರತಿ ಸೈಟಿಗೂ ಕ್ಯಾಶ್ ಬೇರೆ ಬೇರೆ.

ತಲೆಬರಹದ ಫಾಂಟು ಬೇಕೇ ಬೇಕು ಅಂತ ಮಗ ಹಟ ಹಿಡಿದ. ಚೀಲದ ಮೇಲೂ ಅದೇ ಅಕ್ಷರ ಅಚ್ಚಾಗಿದೆಯಂತೆ. ಸರಿ, ಅದನ್ನು ಉಳಿಸಿದೆ, ಒಂದೇ ದಪ್ಪದಲ್ಲಿ. ಫಾಂಟ್‌ಟೂಲ್ಸ್‌ನ ಸಬ್‌ಸೆಟ್ ಸಾಧನದಿಂದ ಬೇಡದ್ದನ್ನು ಕತ್ತರಿಸಿ, ವೆಬ್‌ಗೆಂದೇ ಹಿಂಡಿದ ವಾಫ್ 2 ರೂಪಕ್ಕೆ ತಂದೆ. 340 ಕೆಬಿ ಇದ್ದದ್ದು 58ಕ್ಕೆ ಇಳಿಯಿತು.

ಇಲ್ಲಿ ಹುಷಾರಾಗಿರಬೇಕು. ಇಂಗ್ಲಿಷ್ ಫಾಂಟಿಗೆ ಬರೆದ ಪಾಠಗಳಲ್ಲಿ ಲೇಔಟ್ ಫೀಚರುಗಳನ್ನು, ಅಂದರೆ ಅಕ್ಷರ ಜೋಡಿಸುವ ನಿಯಮಗಳನ್ನು, ತೆಗೆದರೆ ಇನ್ನೂ ಸಣ್ಣದಾಗುತ್ತದೆ ಅಂತ ಹೇಳಿರುತ್ತಾರೆ. ಕನ್ನಡಕ್ಕೆ ಅದನ್ನು ಮಾಡಿದರೆ ಒತ್ತೆಲ್ಲ ಉದುರಿ ಬೀಳುತ್ತದೆ. ಬ್ಯಾಡಗಿ, ಡಬ್ಬಿ, ಕಡ್ಡಿ. ನೋಡಿ, ಈ ಸೈಟಿನ ಮುಖ್ಯ ಪದಗಳಲ್ಲೆಲ್ಲ ಒತ್ತಕ್ಷರ ಇದೆ. ಎಲ್ಲ ಫೀಚರೂ ಇರಲಿ ಅಂತ ಸಾಧನಕ್ಕೆ ಹೇಳಬೇಕು. ಅಕ್ಷರ ಕೂಡಿಸುವ, ಬಿಡಿಸುವ ಎರಡು ಕಾಣದ ಚಿಹ್ನೆಗಳನ್ನೂ ಉಳಿಸಬೇಕು. ರೂಪಾಯಿ ಚಿಹ್ನೆಯನ್ನು ಮರೆಯಬಾರದು, ಅದು ಕನ್ನಡದ ಆ 128ರಲ್ಲಿ ಇಲ್ಲ. ನಾನು ಪರೀಕ್ಷೆಗೆ ಒಂದು ಸಾಲು ಇಟ್ಟುಕೊಂಡಿದ್ದೇನೆ: "ಬ್ಯಾಡಗಿ ಡಬ್ಬಿ, ಕಡ್ಡಿ, ಮಾರ್ಕೆಟ್ ದರ ₹, ಸ್ತ್ರೀ, ರ‍್ಯಾಂಕ್". ಇದು ಸರಿ ಕಂಡರೆ ಉಳಿದದ್ದೂ ಸರಿ ಇರುತ್ತದೆ.

ಫಾಂಟ್ ಡಿಸ್‌ಪ್ಲೇ ಸ್ವಾಪ್ ಅಂತ ಬರೆದೆ. ಈಗ ಮೊದಲು ಫೋನಿನ ಫಾಂಟಿನಲ್ಲಿ ತಲೆಬರಹ ಕಾಣುತ್ತದೆ, ಆಮೇಲೆ ಅಲಂಕಾರದ್ದಕ್ಕೆ ಬದಲಾಗುತ್ತದೆ. ಎರಡರ ಎತ್ತರ ಬೇರೆ, ಹಾಗಾಗಿ ಬದಲಾಗುವಾಗ ಪುಟ ಕುಣಿಯುತ್ತಿತ್ತು. ಸೈಜ್ ಅಡ್ಜಸ್ಟ್ ಅನ್ನುವ ಸಿಎಸ್‌ಎಸ್ ಗುಣದಿಂದ ಎರಡನ್ನೂ ಹೆಚ್ಚುಕಡಿಮೆ ಒಂದೇ ಅಳತೆಗೆ ತಂದೆ. ಸಾಲಿನ ಎತ್ತರ 1.6 ಇಟ್ಟೆ. ಅದಕ್ಕಿಂತ ಕಡಿಮೆ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಉಳಿದದ್ದು

ಸ್ಕ್ರಿಪ್ಟುಗಳ ಕೆಲಸ ಬೇಗ ಮುಗಿಯಿತು, ಹೆಚ್ಚಿನದೆಲ್ಲ ತೆಗೆಯುವುದೇ ಇತ್ತು. ತೇಲಾಡುವ ಚಾಟ್ ಗುಂಡಿಯ ಬದಲು ವಾಟ್ಸಾಪ್‌ಗೆ ಹೋಗುವ ಸಾದಾ ಲಿಂಕ್. ಗೂಗಲ್ ಮ್ಯಾಪಿನ ಬದಲು ಅಂಗಡಿಯ ವಿಳಾಸ ಮತ್ತು ಮ್ಯಾಪಿಗೆ ಲಿಂಕ್. ಮೆಣಸಿನಕಾಯಿ ಆರಿಸುವ ಯೂಟ್ಯೂಬ್ ವಿಡಿಯೋ ಜಾಗದಲ್ಲಿ ಒಂದು ಚಿತ್ರ. ಒತ್ತಿದರೆ ಮಾತ್ರ ಪ್ಲೇಯರ್ ಇಳಿಯುತ್ತದೆ. ಸಂದರ್ಶಕರನ್ನು ಎಣಿಸುವ ಕೋಡ್ ಎರಡು ಸಲ ಇತ್ತು, ಒಂದು ತೆಗೆದೆ. ಪೇಜ್ ಬಿಲ್ಡರನ್ನು ಮುಖಪುಟದ ಮಟ್ಟಿಗೆ ಬಿಟ್ಟು, ಕೈಯಾರೆ ಸಣ್ಣ ಟೆಂಪ್ಲೇಟ್ ಬರೆದೆ. ಇಪ್ಪತ್ತು ಚಿಲ್ಲರೆ ಸಿಎಸ್‌ಎಸ್ ಫೈಲು ಹೋಗಿ ಒಂದೇ ಉಳಿಯಿತು, ಅದೂ 9 ಕೆಬಿ.

ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್ 8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಇಂಗ್ಲಿಷಿಗೆ ಒಂದು. ಕನ್ನಡ ಪುಟ ಭಾರ ಅಂತ ಇದರಿಂದ ಹೆದರಬೇಕಿಲ್ಲ. ಆ ಮೂರರಲ್ಲಿ ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಹೀಗೆ ಮರುಕಳಿಸುವುದನ್ನು ಬ್ರಾಟ್ಲಿ ಅನ್ನುವ ಫೈಲು ಹಿಂಡುವ ವಿಧಾನ ಚೆನ್ನಾಗಿ ಹಿಂಡುತ್ತದೆ. ನಮ್ಮ ಎಚ್‌ಟಿಎಂಎಲ್ ಹಿಂಡಿದ ಮೇಲೆ 12 ಕೆಬಿ ಬಂತು. ಹೊಸ ಕನೆಕ್ಷನ್‌ನಲ್ಲಿ ಸರ್ವರ್ ಸಾಮಾನ್ಯವಾಗಿ ಮೊದಲ ಸುತ್ತಿಗೆ ಹತ್ತು ಪ್ಯಾಕೆಟ್, ಅಂದರೆ ಸುಮಾರು 14 ಕೆಬಿ ಕಳಿಸುತ್ತದೆ. ಇಡೀ ಎಚ್‌ಟಿಎಂಎಲ್, ರೇಟಿನ ಪಟ್ಟಿ ಸಮೇತ, ಆ ಮೊದಲ ಸುತ್ತಿನಲ್ಲೇ ಬರುತ್ತದೆ. ಇದು ನನಗೆ ಎಲ್‌ಸಿಪಿ ಅಂಕಿಗಿಂತ ಹೆಚ್ಚು ಸಮಾಧಾನ ಕೊಟ್ಟಿತು. ಎಷ್ಟೇ ಕೆಟ್ಟ ನೆಟ್‌ವರ್ಕ್ ಇದ್ದರೂ ರೇಟು ಮತ್ತು ಫೋನ್ ನಂಬರ್ ಮೊದಲು ಕಾಣುತ್ತದೆ.

ಮತ್ತೆ ಅಳೆದೆ. ಮುಖಪುಟ ತೆರೆದಾಗ ಇಳಿಯುವುದು 260 ಕೆಬಿ. ಕೆಳಗಿನವರೆಗೆ ಸರಿಸಿದರೆ 600. ಲೈಟ್‌ಹೌಸ್ ಎಲ್‌ಸಿಪಿ 2.1 ಸೆಕೆಂಡ್, ಸಿಎಲ್‌ಎಸ್ 0.02. ಮಾರುಕಟ್ಟೆ ದಿನ ಯಾರ್ಡಿನಲ್ಲಿ ನಿಂತು ಹಳೆಯ ಫೋನಿನಲ್ಲಿ ನೋಡಿದರೆ ಫೋಟೋ ಬರಲು ಇನ್ನೂ ನಾಲ್ಕು ಸೆಕೆಂಡ್ ಆಗುತ್ತದೆ. ಅಕ್ಷರ ಅದಕ್ಕೂ ಮೊದಲೇ ಬರುತ್ತದೆ. ಸ್ಕೋರು 96. ನೂರು ಮಾಡಿಕೊಡು ಅಂತ ಮಗ ಕೇಳಿದ. ಉಳಿದ ನಾಲ್ಕಕ್ಕೆ ಡಬ್ಬಿಯ ಫೋಟೋ ಇನ್ನೂ ಇಳಿಸಬೇಕು, ಬೇಡ ಅಂದೆ.

ಬಾಕಿ ಇರುವುದು ಆರ್ಡರ್ ಪುಟ. ಪ್ರತಿ ಗಿರಾಕಿಯದೂ ಬೇರೆ ಇರುವುದರಿಂದ ಅದನ್ನು ಕ್ಯಾಶ್ ಮಾಡುವ ಹಾಗಿಲ್ಲ. ಪೇಮೆಂಟಿನ ಸ್ಕ್ರಿಪ್ಟನ್ನು ಬೇರೆ ಎಲ್ಲ ಪುಟಗಳಿಂದ ತೆಗೆದು ಇಲ್ಲಿ ಮಾತ್ರ ಉಳಿಸಿದ್ದೇನೆ. ಆದರೂ ಪುಟ ತೆರೆದು "ದುಡ್ಡು ಕಟ್ಟಿ" ಗುಂಡಿ ಒತ್ತಿದರೆ ಹಳೆಯ ಫೋನಿನಲ್ಲಿ ಅರ್ಧ ಸೆಕೆಂಡ್ ಗಕ್ಕನೆ ನಿಲ್ಲುತ್ತದೆ. ಸ್ಕ್ರಿಪ್ಟ್ ನಮ್ಮದಲ್ಲ, ಒಳಗೆ ಕೈ ಹಾಕಲಾಗದು. ಗಿರಾಕಿ ವಿಳಾಸ ತುಂಬಲು ಶುರು ಮಾಡಿದಾಗ ಆ ಸ್ಕ್ರಿಪ್ಟನ್ನು ಹಿನ್ನೆಲೆಯಲ್ಲಿ ಇಳಿಸಿಕೊಳ್ಳುವ ಒಂದು ಏರ್ಪಾಡು ಈಗ ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತಿದೆ. ಸೈಟಿಗೆ ಹಾಕಿಲ್ಲ. ಸೋಮವಾರ ಬ್ಯಾಡಗಿಗೆ ಹೋಗಿ ಯಾರ್ಡಿನಲ್ಲಿ ಅಳೆದ ಮೇಲೆ ಹಾಕುತ್ತೇನೆ.